ಹಳೆಯ ಕಾರುಗಳ ಸ್ವಯಂ ದುರಸ್ತಿ (ಶಿವಮೊಗ್ಗ–ಭದ್ರಾವತಿ)

ಹಳೆಯ ಕಾರುಗಳ ಸ್ವಯಂ ದುರಸ್ತಿ ಎಂದರೆ ತಯಾರಿಕೆ ನಿಂತುಹೋದ ಕಾರನ್ನು ಮಾಲೀಕರೇ ಮನೆಯಂಗಳದಲ್ಲಿ ಪರಿಶೀಲಿಸಿ, ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಿ, ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಕೆಲಸ. ಶಿವಮೊಗ್ಗ ನಗರ ಮತ್ತು ಭದ್ರಾವತಿಯಲ್ಲಿ ಇದರ ಬಹುಪಾಲು ನೀರಿನೊಡನೆ ನಡೆಸುವ ಹೋರಾಟವಾಗಿದೆ. ಎರಡೂ ಊರುಗಳು ಅರೆಮಲೆನಾಡಿನಲ್ಲಿದ್ದರೂ ಇಲ್ಲಿನ ಕಾರುಗಳು ತೀರ್ಥಹಳ್ಳಿ, ಹೊಸನಗರಗಳ ಕಡೆಗೂ, ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಗೂ ಹೋಗಿಬರುತ್ತವೆ.

ಹಿನ್ನೆಲೆ

1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದ ಭದ್ರಾವತಿಗೆ ಲೋಹದ ಕೆಲಸ ಹೊಸದಲ್ಲ. ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ಎಂದು ಹೆಸರಾದ ಈ ಸಂಸ್ಥೆ, ವಾಹನದ ಬಿಡಿಭಾಗಗಳಿಗೆ ಬೇಕಾಗುವ ಮಿಶ್ರಲೋಹದ ಉಕ್ಕನ್ನೂ ತಯಾರಿಸಿತು. ಎರಡು ನಗರಗಳ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ.

ಹಳೆಯ ಕಾರು ಎಂದಾಗ ಸಾಮಾನ್ಯವಾಗಿ ನೆನಪಾಗುವವು ಮೂರು: 2014ರವರೆಗೆ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್, ಫಿಯೆಟ್ 1100 ಮಾದರಿಯಿಂದ ಬಂದ ಪ್ರೀಮಿಯರ್ ಪದ್ಮಿನಿ ಮತ್ತು 1983ರಲ್ಲಿ ರಸ್ತೆಗಿಳಿದ, 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನಿನ ಮಾರುತಿ 800. ಕಾರ್ಬುರೇಟರ್ ಇರುವ ಕಾರುಗಳನ್ನು ಕಂಪ್ಯೂಟರ್ ತಪಾಸಣೆಯಿಲ್ಲದೆ, ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್‌ಗಳಿಂದಲೇ ಸಾಕಷ್ಟು ಮಟ್ಟಿಗೆ ಸರಿಪಡಿಸಬಹುದು.

ತುಕ್ಕು

ಮೇಲಿನ ಮೂರೂ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರವನ್ನು ಹೊರುತ್ತದೆ. ಆದ್ದರಿಂದ ನೆಲದ ತಗಡಿಗೆ ಅಥವಾ ಬಾಗಿಲ ಕೆಳಗಿನ ಉದ್ದಪಟ್ಟಿಗೆ ಹಿಡಿದ ತುಕ್ಕು ಅಂದದ ಪ್ರಶ್ನೆಯಲ್ಲ, ಕಾರಿನ ಬಲದ ಪ್ರಶ್ನೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ರೋಗವನ್ನು ಮುಚ್ಚಿಡುವ ಕ್ರಮವಷ್ಟೇ. ಒಳಗಡೆ ತಗಡು ತಿಂದುಹೋಗುತ್ತಲೇ ಇರುತ್ತದೆ.

ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಇವು ಕೆಸರು ಮತ್ತು ಎಲೆಗಳಿಂದ ಮುಚ್ಚಿಕೊಂಡರೆ ಬಾಗಿಲಿನೊಳಗೇ ನೀರು ನಿಲ್ಲುತ್ತದೆ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿಯೇ, ಅವನ್ನು ತಂತಿಯಿಂದ ಬಿಡಿಸಬೇಕು. ಮಡ್‌ಗಾರ್ಡ್ ಒಳಗಿನ ಕೆಸರನ್ನು ತೊಳೆಯಬೇಕು. ಕಾಲಡಿಯ ಮ್ಯಾಟ್ ಎತ್ತಿ ನೆಲವನ್ನು ಬೆರಳಿನಿಂದ ಒತ್ತಿ ನೋಡಬೇಕು. ತಗಡು ಮೆದುವಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸುವುದು ಟಿಂಕರಿಂಗ್ ಕೆಲಸಗಾರರ ಪಾಲಿನದು.

ಬ್ರೇಕ್

ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7ರಷ್ಟು ನೀರು ಸೇರಿದಾಗಿನ ಕನಿಷ್ಠ ಮಿತಿ ಕೇವಲ 140 ಡಿಗ್ರಿ. ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕನ್ನು ಸತತವಾಗಿ ಒತ್ತಿದರೆ ಈ ಎಣ್ಣೆ ಕುದಿದು ಆವಿಯ ಗುಳ್ಳೆಗಳಾಗುತ್ತವೆ; ಆಗ ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲದು. ಎಣ್ಣೆಯ ಬಣ್ಣ ಚೆನ್ನಾಗಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಮತ್ತು ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯುವುದು ಇದಕ್ಕೆ ಪರಿಹಾರ.

ಎಣ್ಣೆಯ ಮಟ್ಟ ನೋಡುವುದು ಮಾಲೀಕರ ಕೆಲಸ. ಸಿಲಿಂಡರ್ ಬಿಚ್ಚುವುದು, ಗಾಳಿ ತೆಗೆಯುವುದು ಇತ್ಯಾದಿಗಳನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡುವುದೇ ಲೇಸು. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಡ್ರಮ್ಮಿನ ಧೂಳನ್ನು ಊದಬಾರದು.

ಇಂಧನ ಮತ್ತು ವಿದ್ಯುತ್

ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗಾಗಿ ಹಳೆಯ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳು ರೂಪುಗೊಂಡಿಲ್ಲ. ಎಥನಾಲ್ ಕೂಡ ನೀರನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ನಿಲ್ಲಬಹುದು. ಪೈಪುಗಳಲ್ಲಿ ಬಿರುಕು ಅಥವಾ ಪೆಟ್ರೋಲ್ ವಾಸನೆ ಕಂಡರೆ ಕಾರನ್ನು ಓಡಿಸದೆ ಮೊದಲು ಪೈಪು ಬದಲಿಸಬೇಕು.

ಮಳೆಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿರಲು ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ ಒಂದು ಸಾಮಾನ್ಯ ಕಾರಣ. ಒಣಬಟ್ಟೆಯಿಂದ ಒರೆಸಿದರೆ ಬಹಳ ಸಲ ಸಾಕಾಗುತ್ತದೆ. ಬಿ.ಎಂ.ಸಿ. ಪೆಟ್ರೋಲ್ ಎಂಜಿನಿನ ಅಂಬಾಸಿಡರ್‌ನಲ್ಲಿ ಪಾಯಿಂಟ್‌ಗಳ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಲಿಗಳು ವೈರು ಕಡಿಯುವುದು ತೋಟದ ಮನೆಗಳಲ್ಲಿ ನಿಲ್ಲಿಸಿದ ಕಾರುಗಳಿಗೆ ಬೇರೆಯದೇ ಕಾಟ.

ಸುರಕ್ಷತೆ

ಜಾಕ್ ಕಾರನ್ನು ಎತ್ತುವ ಸಾಧನವೇ ಹೊರತು ಹಿಡಿದಿಡುವ ಆಧಾರವಲ್ಲ. ಮಲೆನಾಡಿನಲ್ಲಿ ಸುಲಭವಾಗಿ ಸಿಗುವ ಜಂಬಿಟ್ಟಿಗೆಯನ್ನಾಗಲಿ ಸಿಮೆಂಟ್ ಬ್ಲಾಕನ್ನಾಗಲಿ ಕಾರಿನಡಿ ಇಡಬಾರದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡ್ ಇಡದೆ ಯಾರೂ ಕಾರಿನ ಕೆಳಗೆ ಹೋಗಬಾರದು.

ನೋಂದಣಿ ಮತ್ತು ತ್ಯಾಜ್ಯ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿಯಿದೆ. ಬಳಿಕ ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ ಐದು ವರ್ಷಗಳಿಗೆ ನವೀಕರಿಸಲಾಗುತ್ತದೆ. ಅರ್ಜಿ ನಮೂನೆ 25. ಈ ಭಾಗದ ಕಾರುಗಳಿಗೆ ಕೆಎ–14 ಸಂಕೇತ ನೀಡುವ ಶಿವಮೊಗ್ಗದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಈ ಕೆಲಸ ನಡೆಯುತ್ತದೆ. ಎಂಜಿನ್ ಬದಲಿಸಿದರೆ ಅದನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳುವುದು ಕಡ್ಡಾಯ.

ಎಂಜಿನ್‌ನಿಂದ ತೆಗೆದ ಕಪ್ಪು ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಶಿವಮೊಗ್ಗದಲ್ಲಿ ತುಂಗೆಯೂ ಭದ್ರಾವತಿಯಲ್ಲಿ ಭದ್ರೆಯೂ ಊರಿನ ನಡುವೆಯೇ ಹರಿಯುವುದರಿಂದ ಅದನ್ನು ಚರಂಡಿಗೆ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಹಳೆಯ ಎಣ್ಣೆಯನ್ನು ಅಧಿಕೃತ ಮರುಬಳಕೆದಾರರಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.