ಪಿಸಿ ಗೇಮಿಂಗ್ ಕಾಲ ಮುಗಿಯಿತೇ? ಕನ್ಸೋಲ್ ಕೊಳ್ಳುವ ಮುನ್ನ ಈ ಲೆಕ್ಕ ನೋಡಿ

"ಪಿಸಿ ಗೇಮಿಂಗ್ ಸತ್ತಿದೆ, ಅದಕ್ಕೆ ಸುರಿಯುವ ದುಡ್ಡು ನೀರಿನಲ್ಲಿ ಹೋಮ. ಕನ್ಸೋಲ್ ತೆಗೆದುಕೊಳ್ಳಿ." ಈ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಮೆಲ್ಕಾರ್, ಪಾಣೆಮಂಗಳೂರು ಕಡೆಯ ಒಂದು ಸಾಧಾರಣ ಮನೆಗೆ ಇದು ಬರೀ ಹರಟೆಯ ವಿಷಯವಲ್ಲ. ಐವತ್ತು, ಅರವತ್ತು ಸಾವಿರ ರೂಪಾಯಿ ಒಮ್ಮೆ ಕೈಬಿಟ್ಟರೆ ಮತ್ತೆ ಕೂಡಿಸಲು ವರ್ಷಗಳು ಬೇಕು. ಹಾಗಾಗಿ ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಈ ಮಾತು ಹುಟ್ಟಿದ್ದೆಲ್ಲಿ?

2020ರಿಂದ 2022ರವರೆಗೆ ಗ್ರಾಫಿಕ್ಸ್ ಕಾರ್ಡ್‌ಗಳ ಬೆಲೆ ವಿಪರೀತ ಏರಿತ್ತು. ಚಿಪ್‌ಗಳ ಕೊರತೆ ಒಂದು ಕಾರಣ, ಕ್ರಿಪ್ಟೋ ನಾಣ್ಯ 'ಗಣಿಗಾರಿಕೆ'ಗೆ ಕಾರ್ಡ್‌ಗಳನ್ನು ಸಗಟಾಗಿ ಕೊಂಡದ್ದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಈ ಗಣಿಗಾರಿಕೆಯನ್ನೇ ಕೈಬಿಟ್ಟ ಮೇಲೆ ಆ ಒತ್ತಡ ಇಳಿಯಿತು. ಆದರೆ 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರತೊಡಗಿತು. ಅಂದರೆ ಪಿಸಿ ದುಬಾರಿ ಎಂಬ ಮಾತು ಕೆಲವು ಕಾಲಕ್ಕೆ ನಿಜ. ದುಬಾರಿಯಾದದ್ದೆಲ್ಲ ಸತ್ತಿದೆ ಎನ್ನಲಾಗದು.

ಒಳಗೆ ಎರಡೂ ನೆಂಟರೇ

ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎರಡರಲ್ಲೂ ಇರುವುದು ಎಎಂಡಿ ಕಂಪನಿಯ ಪ್ರೊಸೆಸರ್ ಮತ್ತು ಗ್ರಾಫಿಕ್ಸ್. ಪಿಸಿಗಳಲ್ಲಿ ಇರುವುದೂ ಇದೇ ಕುಲದ ಚಿಪ್‌ಗಳು. ಕನ್ಸೋಲ್ ಎಂದರೆ ಆಟಕ್ಕೆಂದೇ ಬಿಗಿದು ಕಟ್ಟಿದ ಕಂಪ್ಯೂಟರ್. ಟಿವಿಗೆ ಜೋಡಿಸಿದರೆ ಮುಗಿಯಿತು, ತಲೆನೋವು ಕಡಿಮೆ. ಆದರೆ ನಾಲ್ಕು ವರ್ಷದ ಬಳಿಕ ಅದರ ಗ್ರಾಫಿಕ್ಸ್ ಮಾತ್ರ ಬದಲಿಸಲಾಗದು. ಡೆಸ್ಕ್‌ಟಾಪ್ ಪಿಸಿಯಲ್ಲಿ ಅದು ಸಾಧ್ಯ. ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಆಗದು ಎಂಬುದೂ ನೆನಪಿರಲಿ.

ಬೆಲೆಯ ನಿಜ ಲೆಕ್ಕ

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. 2024ರಲ್ಲಿ ಡಿಸ್ಕ್ ಹಾಕುವ 'ಸ್ಲಿಮ್' ಮಾದರಿ 54,990 ರೂಪಾಯಿಗೆ ಬಂತು. ಅದೇ ಗುಣಮಟ್ಟದ ಚಿತ್ರ ಕೊಡುವ ಪಿಸಿಯನ್ನು ಅದೇ ಹಣಕ್ಕೆ ಕಟ್ಟುವುದು ಕಷ್ಟ. ಕನ್ಸೋಲ್ ಕಂಪನಿಗಳು ಪೆಟ್ಟಿಗೆಯನ್ನು ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಆಟಗಳಿಂದ ಮತ್ತು ಚಂದಾದಿಂದ ಹಣ ಮಾಡುತ್ತವೆ. ಇಷ್ಟರ ಮಟ್ಟಿಗೆ ಆ ಸಂದೇಶ ಸರಿ.

ಆದರೆ ಖರ್ಚು ಪೆಟ್ಟಿಗೆಯ ಬೆಲೆಗೆ ನಿಲ್ಲುವುದಿಲ್ಲ.

• ಪ್ಲೇಸ್ಟೇಷನ್ 5ಗೆ ಬರುವ ದೊಡ್ಡ ಆಟಗಳಲ್ಲಿ ಹಲವಕ್ಕೆ ಬಿಡುಗಡೆಯ ಹೊತ್ತಿಗೆ 4,999 ರೂಪಾಯಿ ಬೆಲೆ ಇರುತ್ತದೆ. ಪಿಸಿಯಲ್ಲಿ ಸ್ಟೀಮ್‌ನಂಥ ಅಂಗಡಿಗಳ ರಿಯಾಯಿತಿ ಮಾರಾಟದಲ್ಲಿ ಹಳೆಯ ಆಟಗಳು ಕೆಲವೇ ನೂರು ರೂಪಾಯಿಗೆ ಸಿಗುವುದುಂಟು.
• ಕೊಂಡ ಆಟವನ್ನು ಗೆಳೆಯರೊಂದಿಗೆ ಆನ್‌ಲೈನ್‌ನಲ್ಲಿ ಆಡಲು ಕನ್ಸೋಲ್‌ನಲ್ಲಿ ಸಾಮಾನ್ಯವಾಗಿ ಚಂದಾ ಕಟ್ಟಬೇಕು. ಪಿಸಿಯಲ್ಲಿ ಬಹುತೇಕ ಆಟಗಳಿಗೆ ಅದಿಲ್ಲ.
• ಕನ್ಸೋಲ್ ಪರವಾಗಿಯೂ ಒಂದು ಅಂಶವಿದೆ. ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದ್ದು ತರಬಹುದು. ಸ್ಟೀಮ್‌ನಲ್ಲಿ ಕೊಂಡದ್ದನ್ನು ಮರುಮಾರಾಟ ಮಾಡಲಾಗದು.

ಇನ್ನು ಮುಖ್ಯ ಪ್ರಶ್ನೆ: ಮನೆಗೆ ಹೇಗೂ ಕಂಪ್ಯೂಟರ್ ಬೇಕೇ? ಕಾಲೇಜಿನ ಪ್ರಾಜೆಕ್ಟ್, ಕೋಡಿಂಗ್, ವಿಡಿಯೊ ಎಡಿಟಿಂಗ್ ಕನ್ಸೋಲ್‌ನಲ್ಲಿ ನಡೆಯದು. ಓದಿಗೆಂದು 35 ಸಾವಿರದ ಕಂಪ್ಯೂಟರ್, ಆಟಕ್ಕೆಂದು 55 ಸಾವಿರದ ಕನ್ಸೋಲ್ ತಂದರೆ ಒಟ್ಟು 90 ಸಾವಿರ. ಆ ಹಣದೊಳಗೆ ಓದು, ಆಟ ಎರಡಕ್ಕೂ ಆಗುವ ಒಂದೇ ಡೆಸ್ಕ್‌ಟಾಪ್ ಕಟ್ಟಬಹುದು. ಆಟ ತಯಾರಿಸುವುದನ್ನು ಕಲಿಯಬೇಕೆಂದರೂ ಪಿಸಿಯೇ ಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡದ್ದು ಜಿಟಿಎ ಆಟದ ತಯಾರಕರಾದ ರಾಕ್‌ಸ್ಟಾರ್. ಅಂಥ ಕೆಲಸದ ದಾರಿ ಕಂಪ್ಯೂಟರ್‌ನಿಂದಲೇ ಶುರುವಾಗುತ್ತದೆ.

ಪಿಸಿಗೆ ಆಟಗಳೇ ಬರುತ್ತಿಲ್ಲವೇ?

ಇದು ತಪ್ಪು. ಕೌಂಟರ್-ಸ್ಟ್ರೈಕ್ 2, ಡೋಟಾ 2 ಕನ್ಸೋಲ್‌ನಲ್ಲಿ ಇಲ್ಲವೇ ಇಲ್ಲ. ಎರಡೂ ಪಿಸಿಯಲ್ಲಿ ಉಚಿತ. ಸೋನಿಯ 'ಗಾಡ್ ಆಫ್ ವಾರ್' ಕೂಡ 2022ರಲ್ಲಿ ಪಿಸಿಗೆ ಬಂತು. ಆದರೆ ಕೆಲವು ಆಟಗಳಿಗೆ ಕಾಯಬೇಕು. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರಲ್ಲಿ, ಪಿಸಿಗೆ 2015ರಲ್ಲಿ.

ಕರೆಂಟ್ ಬಿಲ್ ಏರುತ್ತದೆಯೇ?

ಆಟದ ವೇಳೆ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 12 ಯೂನಿಟ್. ಪಿಸಿ 400 ವ್ಯಾಟ್ ಎಳೆದರೂ 24 ಯೂನಿಟ್. ವ್ಯತ್ಯಾಸ 12 ಯೂನಿಟ್, ಅಂದರೆ ಒಂದೂವರೆ ಟನ್ನಿನ ಎಸಿ ಸುಮಾರು ಎಂಟು ಗಂಟೆ ಓಡಿದಷ್ಟು. ಮೆಸ್ಕಾಂ ಬಿಲ್ಲಿಗೆ ಹೆದರಿ ತೀರ್ಮಾನಿಸಬೇಕಾದ ವಿಷಯ ಇದಲ್ಲ.

ಹೆದರಬೇಕಾದ್ದು ಸಿಡಿಲಿಗೆ

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್ ಸಿಡಿಲಿನ ತಿಂಗಳುಗಳು. ಪಿಸಿಯಾಗಲಿ ಕನ್ಸೋಲ್ ಆಗಲಿ, ಸಿಡಿಲಿಗೆ ಎರಡೂ ಒಂದೇ. ಸ್ವಿಚ್ ಆರಿಸಿದರೆ ಸಾಲದು, ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ ಕೀಳಿ. ರೂಟರ್‌ನಿಂದ ಬರುವ ಇಂಟರ್‌ನೆಟ್ ಕೇಬಲ್ಲನ್ನೂ ತೆಗೆಯಿರಿ. ಯುಪಿಎಸ್ ಇದ್ದರೆ ಕರೆಂಟ್ ಹೋದಾಗ ಆಟ ಉಳಿಸಿ ಆರಿಸಲು ಸಮಯ ಸಿಗುತ್ತದೆ, ಆದರೆ ಹತ್ತಿರ ಬಿದ್ದ ಸಿಡಿಲಿನಿಂದ ಅದು ಕಾಪಾಡುತ್ತದೆ ಎಂದು ನಂಬಿ ಕೂರಬೇಡಿ.

ನಮ್ಮ ತೀರ್ಮಾನ

"ಪಿಸಿ ಗೇಮಿಂಗ್ ಸತ್ತಿದೆ" ಎಂಬುದು ಸುಳ್ಳು. "ಆಟಕ್ಕೆ ಮಾತ್ರವಾದರೆ ಕನ್ಸೋಲ್ ಅಗ್ಗ" ಎಂಬುದು ಬಹುಮಟ್ಟಿಗೆ ನಿಜ. ಮನೆಯಲ್ಲಿ ಟಿವಿ ಮತ್ತು ಓದಿಗೆ ಕಂಪ್ಯೂಟರ್ ಈಗಾಗಲೇ ಇದ್ದು, ಆಟವಷ್ಟೇ ಬೇಕಿದ್ದರೆ ಕನ್ಸೋಲ್ ಸಾಕು. ಕಂಪ್ಯೂಟರ್ ಇನ್ನೂ ಕೊಳ್ಳಬೇಕಿದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಆಗ ಡೆಸ್ಕ್‌ಟಾಪ್ ಪಿಸಿಯೇ ಲಾಭ. ಬೆಲೆಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಬಂದ ಸಂದೇಶ ಯಾವ ವರ್ಷದ್ದೆಂದು ನೋಡಿ, ಅಂಗಡಿಯಲ್ಲಿ ಇವತ್ತಿನ ದರ ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ.