ಮಂಗಳೂರು ಕಡೆ ಪ್ರವಾಸ ಹೊರಟೀರಾ? ಯಾವ ಬೀಚ್ ಯಾರಿಗೆ ಸರಿ, ಎಲ್ಲಿ ನೀರಿಗೆ ಇಳೀಬಾರದು: ಇಲ್ಲಿದೆ ಮಾಹಿತಿ

ಹಳ್ಳಿಖೇಡ (ಬಿ): ದೀಪಾವಳಿ ಮುಗಿದರೆ ಸಾಕು, ಹುಮನಾಬಾದ್, ಬಸವಕಲ್ಯಾಣ ತಾಲೂಕುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಶಾಲೆಯವರು ಬಸ್ ಮಾಡುತ್ತಾರೆ. ಅಂಗಡಿಯವರು ನಾಲ್ಕು ಮನೆ ಕೂಡಿ ಕ್ರೂಸರ್ ಇಲ್ಲವೇ ಟಿಟಿ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಧರ್ಮಸ್ಥಳ, ಕುಕ್ಕೆ, ಉಡುಪಿ ಅಂತ ದೇವರ ದರ್ಶನದ ಪಟ್ಟಿ ಮೊದಲೇ ಪಕ್ಕಾ ಇರ್ತದ. ಆದರೆ ಬೀಚ್ ಯಾವುದು ಅನ್ನೋದು ಮಾತ್ರ ಡ್ರೈವರ್ ಗಾಡಿ ನಿಲ್ಲಿಸಿದ ಕಡೆ.

ಇಲ್ಲೇ ತಪ್ಪಾಗುವುದು. ಹಳ್ಳಿಖೇಡದಿಂದ ಸುಮಾರು 700 ಕಿ.ಮೀ. ದೂರದ ಮಂಗಳೂರು ಸುತ್ತ ಐದಾರು ಬೀಚ್‌ಗಳಿವೆ. ಫೋಟೋದಲ್ಲಿ ಎಲ್ಲ ಒಂದೇ ಥರ ಕಂಡರೂ ನೀರಿನ ಗುಣ ಒಂದೇ ಅಲ್ಲ. ಒಂದು ಕಡೆ ಜೀವರಕ್ಷಕರು ಸೀಟಿ ಊದುತ್ತಾ ಕಾಯುತ್ತಾರೆ, ಇನ್ನೊಂದು ಕಡೆ ಬಂಡೆ ಮತ್ತು ಸೆಳವು ಬಿಟ್ಟರೆ ಯಾರೂ ಇರುವುದಿಲ್ಲ. ಮನೆ ಬಿಡುವ ಮೊದಲೇ ಬೀಚ್ ಆರಿಸಿಕೊಂಡು ಹೋದರೆ ಅರ್ಧ ಚಿಂತೆ ಕಡಿಮೆ.

ಕೆರೆ, ಬಾವಿ ಬೇರೆ, ಸಮುದ್ರ ಬೇರೆ

ಈ ಕಡೆ ಈಜು ಬಲ್ಲವರು ಕಲಿತದ್ದು ಬಾವಿಯಲ್ಲಿ, ಕೆರೆಯಲ್ಲಿ, ಇಲ್ಲವೇ ಕಾರಂಜಾ ಹಿನ್ನೀರಿನಲ್ಲಿ. ಅಲ್ಲಿ ನೀರು ನಿಂತಿರುತ್ತದೆ. ಸಮುದ್ರದಲ್ಲಿ ನೀರು ಸದಾ ಓಡಾಡುತ್ತಿರುತ್ತದೆ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲು ಒಂದು ದಾರಿ ಹುಡುಕಿಕೊಳ್ಳುತ್ತದೆ. ಕಾಲುವೆಯಂತೆ ಒಂದೇ ಕಡೆಯಿಂದ ಜೋರಾಗಿ ಒಳಕ್ಕೆ ಹರಿಯುವ ಈ ಸೆಳವಿಗೆ ಸಿಕ್ಕರೆ, ಎಷ್ಟೇ ಗಟ್ಟಿ ಈಜುಗಾರನಾದರೂ ಎದುರಿಗೆ ಈಜಿ ದಡ ಸೇರುವುದು ಕಷ್ಟ.

ಮೋಸ ಏನಂದ್ರೆ, ಸೆಳವು ಇರುವ ಜಾಗ ನೋಡಲು ಶಾಂತವಾಗಿರುತ್ತದೆ. ಎರಡೂ ಪಕ್ಕ ಅಲೆ ಒಡೆದು ಬಿಳಿ ನೊರೆ ಏಳುತ್ತಿದ್ದರೆ, ನಡುವೆ ಅಲೆ ಇಲ್ಲದೆ ನೀರು ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಹೊಸಬರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಅದೇ ಜಾಗ ಆರಿಸುತ್ತಾರೆ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ 4 ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಕೋಲಾರವೂ ಬೀದರ್‌ನಂತೆ ಸಮುದ್ರ ಕಾಣದ ಜಿಲ್ಲೆ.

ಮಂಗಳೂರು ಸುತ್ತಲಿನ ಬೀಚ್‌ಗಳು

*ಪಣಂಬೂರು:* ನಗರದಿಂದ ಉತ್ತರಕ್ಕೆ ಸುಮಾರು 10 ಕಿ.ಮೀ., ನವ ಮಂಗಳೂರು ಬಂದರಿನ ಪಕ್ಕ. ಜೀವರಕ್ಷಕರು ಇರುತ್ತಾರೆ. ಪಾರ್ಕಿಂಗ್, ತಿಂಡಿ ಅಂಗಡಿ, ಜನಸಂದಣಿ ಎಲ್ಲ ಉಂಟು. ಮೊದಲ ಸಲ ಸಮುದ್ರ ನೋಡುವ ಕುಟುಂಬಕ್ಕೆ, ದೊಡ್ಡ ಗುಂಪಿಗೆ ಇದೇ ಸರಿ. ಭಾನುವಾರ ಸಂಜೆ ವಿಪರೀತ ಗದ್ದಲ. ಸಣ್ಣ ಮಕ್ಕಳಿದ್ದರೆ ವಾರದ ನಡುವಿನ ದಿನ ನೋಡಿಕೊಳ್ಳಿ.

*ತಣ್ಣೀರುಬಾವಿ:* ಬಂದರಿನ ದಕ್ಷಿಣಕ್ಕೆ. ಕೂಳೂರು ಕಡೆಯಿಂದ ರಸ್ತೆಯಲ್ಲಿ ಹೋಗಬಹುದು, ಇಲ್ಲವೇ ನಗರದ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ನದಿ ದಾಟಬಹುದು. ಪಣಂಬೂರಿಗಿಂತ ಗದ್ದಲ ಕಡಿಮೆ, ಮರಗಳ ನೆರಳಿದೆ. ವಯಸ್ಸಾದವರು ಕೂತು ಸೂರ್ಯಾಸ್ತ ನೋಡಲು ಒಳ್ಳೆಯದು. ದೋಣಿಯಲ್ಲಿ ಹೋಗುವವರು ವಾಪಸ್ ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಬೇಕು.

*ಸೋಮೇಶ್ವರ:* ನೇತ್ರಾವತಿ ಸೇತುವೆ ದಾಟಿ ಕೇರಳದ ಕಡೆಗೆ, ಉಳ್ಳಾಲದ ಹತ್ತಿರ. ದಡದಲ್ಲೇ ಸೋಮನಾಥ ದೇವಸ್ಥಾನ, ಅದರ ಬುಡದಲ್ಲಿ ದೊಡ್ಡ ದೊಡ್ಡ ಬಂಡೆ. ದರ್ಶನಕ್ಕೆ, ನೋಟಕ್ಕೆ ಇದಕ್ಕಿಂತ ಚಂದ ಇಲ್ಲ. ಆದರೆ ನೀರಿಗೆ ಇಳಿಯುವ ಜಾಗ ಇದಲ್ಲ. ಬಂಡೆ ಮೇಲೆ ಪಾಚಿ ಇರುತ್ತದೆ, ಕಾಲು ಜಾರುತ್ತದೆ, ದೊಡ್ಡ ಅಲೆ ಹೇಳಿ ಕೇಳಿ ಬರುವುದಿಲ್ಲ. ಸೆಲ್ಫಿಗಾಗಿ ಬಂಡೆಯ ತುದಿಗೆ ಹೋಗಬಾರದು.

*ಉಳ್ಳಾಲ:* ರಾಣಿ ಅಬ್ಬಕ್ಕನ ಊರು. ಸಯ್ಯದ್ ಮದನಿ ದರ್ಗಾಕ್ಕೆ ಬರುವವರು ಬೀಚಿಗೂ ಹೋಗುತ್ತಾರೆ. ಕಡಲ್ಕೊರೆತ ಹೆಚ್ಚಿರುವ ದಡ, ಅಲ್ಲಲ್ಲಿ ತಡೆಗೆ ಕಲ್ಲು ಸುರಿದಿದ್ದಾರೆ. ನಡೆದಾಡಿ, ಗಾಳಿ ತಗೊಂಡು ಬರಬಹುದು. ಸ್ನಾನಕ್ಕೆ ಬೇಡ.

*ಸುರತ್ಕಲ್:* ಹೆದ್ದಾರಿ 66ಕ್ಕೆ ಹತ್ತಿರ, ಎನ್‌ಐಟಿಕೆ ಕಾಲೇಜಿನ ಕಡೆ. ದೀಪಸ್ತಂಭ ಮತ್ತು ದಡದ ದೇವಸ್ಥಾನ ನೋಡಲು ಮಂದಿ ಬರುತ್ತಾರೆ. ಬಂಡೆಗಳಿರುವ ಕಡೆ ಸೆಳವೂ ಇರುತ್ತದೆ. ದಾರಿಯಲ್ಲಿ ಅರ್ಧ ತಾಸು ನಿಲ್ಲಲು ಸಾಕು.

*ಸಸಿಹಿತ್ಲು:* ಸುರತ್ಕಲ್ ದಾಟಿ ಮೂಲ್ಕಿಯ ಹತ್ತಿರ. ಶಾಂಭವಿ, ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಕಡೆ. 2016ರಲ್ಲಿ ಇಲ್ಲಿ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಹೆಸರಾಯಿತು. ಅಲೆ ಒಳ್ಳೆಯದಿದೆ ಅಂತಲೇ ಸರ್ಫಿಂಗ್‌ನವರು ಬರುವುದು, ಅಂದರೆ ಹೊಸಬರಿಗೆ ಅದೇ ಅಪಾಯ. ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಎಲ್ಲೇ ಆಗಲಿ ಇಳಿಯಬಾರದು. ಇಳಿತದ ಹೊತ್ತಿಗೆ ನದಿ ನೀರು ಒಳಕ್ಕೆ ಎಳೆದುಕೊಂಡು ಹೋಗುತ್ತದೆ.

ಉಡುಪಿ ದಾರಿಯಲ್ಲಿ

*ಪಡುಬಿದ್ರಿ:* ಮಂಗಳೂರು ಮತ್ತು ಉಡುಪಿ ನಡುವೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದೇಶದ 8 ಬೀಚ್‌ಗಳಲ್ಲಿ ಇದೂ ಒಂದು. ರಾಜ್ಯದಲ್ಲಿ ಆ ವರ್ಷ ಮನ್ನಣೆ ಸಿಕ್ಕ ಇನ್ನೊಂದು ಹೊನ್ನಾವರದ ಕಾಸರಕೋಡು. ನೀರಿನ ಶುದ್ಧತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಎಲ್ಲ ನೋಡಿ ಕೊಡುವ ಮನ್ನಣೆ ಇದು. ಹೆಣ್ಣುಮಕ್ಕಳು, ಮಕ್ಕಳು ಇರುವ ಕುಟುಂಬಕ್ಕೆ ಅನುಕೂಲ. ಪ್ರವೇಶ ಶುಲ್ಕ ಇರುತ್ತದೆ. ಹತ್ತಾರು ರೂಪಾಯಿ ಉಳಿಸಲು ಹೋಗಿ ಪಕ್ಕದ ಖಾಲಿ ದಡಕ್ಕೆ ಇಳಿಯುವುದು ಜಾಣತನ ಅಲ್ಲ.

*ಕಾಪು:* 1901ರಲ್ಲಿ ಕಟ್ಟಿದ ದೀಪಸ್ತಂಭವೇ ಇಲ್ಲಿನ ಆಕರ್ಷಣೆ. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಸುತ್ತ ಬಂಡೆ ಇರುವುದರಿಂದ ನೀರಾಟಕ್ಕಲ್ಲ, ನೋಟಕ್ಕೆ.

*ಮಲ್ಪೆ:* ಉಡುಪಿಯಿಂದ ಸುಮಾರು 6 ಕಿ.ಮೀ. ಕೃಷ್ಣ ಮಠಕ್ಕೆ ಹೋದವರಿಗೆ ಇದೇ ಹತ್ತಿರ. ಉದ್ದ ಮರಳು, ಜೀವರಕ್ಷಕರು, ಅಂಗಡಿ ಮುಂಗಟ್ಟು ಎಲ್ಲ ಇವೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದು ಇಲ್ಲಿಂದಲೇ. ದ್ವೀಪದ ಕಂಬದಂಥ ಕಲ್ಲುಗಳನ್ನು ನೋಡಿ ಬನ್ನಿ, ಆದರೆ ಅಲ್ಲಿ ಕಲ್ಲಿನ ಸಂದಿಯ ನೀರಿಗೆ ಇಳಿಯಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ.

ಒಂದೇ ನೋಟದಲ್ಲಿ

- ಮಕ್ಕಳು, ಹೆಣ್ಣುಮಕ್ಕಳು ಇರುವ ಕುಟುಂಬ: ಪಡುಬಿದ್ರಿ, ಪಣಂಬೂರು
- ಶಾಲಾ ಪ್ರವಾಸ, ದೊಡ್ಡ ಗುಂಪು: ಪಣಂಬೂರು, ಮಲ್ಪೆ
- ವಯಸ್ಸಾದವರು: ತಣ್ಣೀರುಬಾವಿ
- ದರ್ಶನ ಮತ್ತು ಸಮುದ್ರ ಎರಡೂ, ನೀರಿಗೆ ಇಳಿಯದೆ: ಸೋಮೇಶ್ವರ
- ಫೋಟೋ, ಸೂರ್ಯಾಸ್ತ: ಕಾಪು, ಸುರತ್ಕಲ್

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗೆ ಸಮುದ್ರ ಸ್ವಲ್ಪ ಶಾಂತ. ಏಪ್ರಿಲ್, ಮೇನಲ್ಲಿ ಬೀದರ್ ಬಿಸಿಲಿನಷ್ಟು ಉರಿ ಇರುವುದಿಲ್ಲ, ಆದರೆ ಬೆವರು ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಮೀನು ಹಿಡಿಯುವವರೇ ಬಿಟ್ಟ ಸಮುದ್ರಕ್ಕೆ ಪ್ರವಾಸಿಗರು ಇಳಿಯುವುದು ಯಾವ ನ್ಯಾಯ?

ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಉಬ್ಬರ ಇಳಿತ ಎರಡೂ ಜಾಸ್ತಿ. ಎಳ್ಳಮಾಸಿ ಚರಗ ಚೆಲ್ಲಿ ಮರುದಿನವೇ ಗಾಡಿ ಹತ್ತುವವರು ಇದನ್ನು ನೆನಪಿಡಬೇಕು. ಉಬ್ಬರದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ ಹಿಡಿಯುತ್ತದೆ, ಹೀಗಾಗಿ ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗ ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ.

ಬಸ್ಸಿನ ವಿಚಾರ

ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಲ್ಲಿ ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಂಟು. ಸ್ಲೀಪರ್, ಎಸಿ ಬಸ್‌ಗೆ ಇಲ್ಲ. ಆದರೆ ಮಂಗಳೂರು, ಉಡುಪಿ ಊರೊಳಗೆ ಓಡಾಡುವ ಬಸ್‌ಗಳಲ್ಲಿ ಬಹುಪಾಲು ಖಾಸಗಿಯವು. ಅಲ್ಲಿ ಆಧಾರ್ ತೋರಿಸಿದರೆ ಆಗುವುದಿಲ್ಲ, ಟಿಕೆಟ್ ತಗೋಬೇಕು. ಚಿಲ್ಲರೆ ಇಟ್ಟುಕೊಂಡಿರಿ.

ಬೀಚಿನಲ್ಲಿ ಪಾಲಿಸಬೇಕಾದ್ದು

- ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಸ್ನಾನ.
- ಸೊಂಟದ ಮೇಲೆ ನೀರು ಬರುವ ಕಡೆ ಹೋಗಬೇಡಿ. ಮಕ್ಕಳಿಗೆ ಮೊಣಕಾಲು ಸಾಕು, ಅದೂ ದೊಡ್ಡವರ ಕೈ ಹಿಡಿದು.
- ಸೂರ್ಯ ಮುಳುಗಿದ ಮೇಲೆ, ಕುಡಿದ ಮೇಲೆ ನೀರು ಬೇಡ.
- ಸೀರೆ, ದಪ್ಪ ಜೀನ್ಸ್ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಹಗುರ ಬಟ್ಟೆ ಇರಲಿ.
- ಸೆಳವಿಗೆ ಸಿಕ್ಕರೆ ದಡದ ಕಡೆ ಗುದ್ದಾಡಬೇಡಿ. ಮಲಗಿ ತೇಲಿ, ಒಂದು ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವು ದಾಟಿದ ಮೇಲೆ ದಡಕ್ಕೆ ತಿರುಗಿ.
- ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಕಾಪಾಡಲು ಹೋದವರೂ ಹೋದ ಉದಾಹರಣೆ ಬೇಕಾದಷ್ಟಿವೆ. ಜೀವರಕ್ಷಕರನ್ನು ಕೂಗಿ, ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಏನಿದ್ದರೂ ಎಸೆಯಿರಿ.
- ಮೇಲೆತ್ತಿದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರು ನೋಡಿ, ಇಲ್ಲದಿದ್ದರೆ ಕೃತಕ ಉಸಿರಾಟ ಮತ್ತು ಎದೆ ಒತ್ತುವುದು ಬಲ್ಲವರು ತಕ್ಷಣ ಶುರು ಮಾಡಬೇಕು. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112.

ಶಾಲೆಯವರಿಗೆ, ಪಾಲಕರಿಗೆ

ಪ್ರವಾಸದ ಪತ್ರಕ್ಕೆ ಸಹಿ ಹಾಕುವ ಮೊದಲು ಪಾಲಕರು ಮೂರು ಪ್ರಶ್ನೆ ಕೇಳಬೇಕು. ಬೀಚ್ ಯಾವುದು, ಎಷ್ಟು ಗಂಟೆಗೆ ತಲುಪುತ್ತಾರೆ, ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು. ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಮಕ್ಕಳು ಸಮುದ್ರ ಕಂಡ ಕೂಡಲೇ ಓಡುತ್ತಾರೆ. ಬಸ್ಸಿಂದ ಇಳಿಸುವ ಮೊದಲೇ ಎಣಿಸಿ, ಗುಂಪು ಮಾಡಿ, ಗಡಿ ತೋರಿಸಿ, ಆಮೇಲೆ ಬಿಡಬೇಕು. ಶಿಕ್ಷಕರಲ್ಲಿ ಇಬ್ಬರಾದರೂ ಫೋನ್ ಚೀಲದಲ್ಲಿಟ್ಟು ನೀರಿನ ಕಡೆ ಮುಖ ಮಾಡಿಯೇ ನಿಲ್ಲಬೇಕು.

ಜೀವರಕ್ಷಕರಿಲ್ಲದ ಕಡೆ ಡ್ರೈವರ್ ಗಾಡಿ ನಿಲ್ಲಿಸಿದರೆ "ಇಲ್ಲಿ ಬೇಡ್ರಿ, ಮುಂದ ನಡೀರಿ" ಅನ್ನಲು ಸಂಕೋಚ ಬೇಡ. ಬಾಡಿಗೆ ಕೊಟ್ಟವರು ನೀವು. ಅರ್ಧ ತಾಸು ತಡವಾದರೂ ಹೋದವರೆಲ್ಲ ಅದೇ ಗಾಡಿಯಲ್ಲಿ ಹಳ್ಳಿಖೇಡಕ್ಕೆ ವಾಪಸ್ ಬರಬೇಕು.