ಆರು ಚುಕ್ಕೆಗಳಿಂದ ಗಾಜಿನ ಪರದೆಗೆ

ಕಣ್ಣು ಕಾಣದವರು ಮೊಬೈಲಿನಲ್ಲಿ ಬರೆಯುವುದು ಹೇಗೆ? ಬಾಯಲ್ಲಿ ಹೇಳಿದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಚರಿತ್ರೆಯನ್ನು ನೋಡಿದರೆ ಉತ್ತರ ಸಿಗುತ್ತದೆ.

ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ತಮ್ಮ ಚುಕ್ಕೆ ಲಿಪಿಯನ್ನು ಪ್ರಕಟಿಸಿದರು. ಅಂಧರು ಸ್ವತಃ ಓದಿ ಬರೆಯುವ ದಾರಿ ತೆರೆಯಿತು. ನಮ್ಮ ದೇಶದಲ್ಲಿ 1951ರಲ್ಲಿ ಭಾರತಿ ಬ್ರೈಲ್ ಅಂಗೀಕಾರವಾಯಿತು. ಕನ್ನಡದ ‘ಕ’ಕ್ಕೂ ಮಲಯಾಳ, ಮರಾಠಿಗಳ ‘ಕ’ಕ್ಕೂ ಅದರಲ್ಲಿ ಒಂದೇ ಚುಕ್ಕೆಗಳು. ಗಡಿನಾಡಿನ ನಮಗೆ ಇದು ಸಂತೋಷದ ಸಂಗತಿಯಲ್ಲವೇ?

ಮುಂದೆ ಗುಂಡಿಗಳೇ ಇಲ್ಲದ ಫೋನು ಬಂದಾಗ ಅಂಧರಿಗೆ ಕಷ್ಟವಾಯಿತು. 2009ರಲ್ಲಿ ಐಫೋನ್ 3ಜಿಎಸ್‌ಗೆ ವಾಯ್ಸ್‌ಓವರ್ ಸೇರಿತು. ಬೆರಳು ಮುಟ್ಟಿದ ಅಕ್ಷರವನ್ನು ಫೋನೇ ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ಅದು ಮೂಡುತ್ತದೆ. ಆದರೆ ಕೆಲಸ ನಿಧಾನ. 2017ರಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೂ ಬಂತು. ಇದು ಬಲು ವೇಗ. ಆದರೆ ಗದ್ದಲದಲ್ಲಿ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಬಸ್ಸಿನಲ್ಲಿ ಕುಳಿತು ಸ್ವಂತ ವಿಷಯವನ್ನು ಗಟ್ಟಿಯಾಗಿ ಹೇಳಲೂ ಆಗದು.

ಕೊನೆಗೆ ಹಳೆಯ ಚುಕ್ಕೆಗಳೇ ಗಾಜಿನ ಮೇಲೆ ಮರಳಿದವು. ಪರದೆಯ ಮೇಲೆಯೇ ಆರು ಚುಕ್ಕೆಗಳಲ್ಲಿ ಬರೆಯುವ ಸೌಲಭ್ಯ 2014ರಲ್ಲಿ ಐಫೋನಿಗೆ, 2020ರಲ್ಲಿ ಆಂಡ್ರಾಯ್ಡ್‌ಗೆ ಬಂತು.

ತುರ್ತು ಸಂದೇಶಕ್ಕೆ ಧ್ವನಿ ಒಳ್ಳೆಯದೇ. ಆದರೆ ಬರೀ ಹೇಳಿ ಬರೆಸುವ ಮಗುವಿಗೆ ಕಾಗುಣಿತ, ಒತ್ತಕ್ಷರ ಕೈಗೆ ಹತ್ತುವುದಿಲ್ಲ. ಫೋನು ಬಂತೆಂದು ಅಂಧ ಮಕ್ಕಳಿಗೆ ಬ್ರೈಲ್ ಕಲಿಸುವುದನ್ನು ಬಿಡಬಾರದು. ಕಣ್ಣಿರುವ ಮಕ್ಕಳಿಗೆ ನಾವು ಅಕ್ಷರಾಭ್ಯಾಸ ನಿಲ್ಲಿಸಿದ್ದೇವೆಯೇ?